ನೆರಳಿನಲ್ಲಿ ಒಣಗುವ ಸಿಹಿ

ಫಾಲ್ಗುಣದ ಬಿಸಿಲು ಬಲಿಯುತ್ತಿದ್ದಾಗ ನಾವು ಸಾಂಗ್ಲಿ ಜಿಲ್ಲೆಯ ಜತ್ತ ಸೀಮೆಗೆ ಹೋಗಿದ್ದೆವು. ಸಜ್ಜೆ, ಜೋಳಗಳನ್ನೇ ನೆಚ್ಚಿದ್ದ ಈ ಮಳೆಗೊರತೆಯ ನೆಲದಲ್ಲಿ ಇಂದು ದ್ರಾಕ್ಷಿಯ ಚಪ್ಪರಗಳು ಹಬ್ಬಿವೆ. ಹನಿ ನೀರಾವರಿಯೇ ಅವುಗಳ ಉಸಿರು. ವರ್ಷಕ್ಕೆ ಎರಡು ಚಾಟಣಿ: ಏಪ್ರಿಲ್‌ನಲ್ಲಿ ಕಡ್ಡಿ ಬಲಿಯಲೆಂದು, ಅಕ್ಟೋಬರ್‌ನಲ್ಲಿ ಹಣ್ಣು ಬಿಡಲೆಂದು.

ಈ ಹಣ್ಣಿನಲ್ಲಿ ಬಹಳಷ್ಟು ಒಣದ್ರಾಕ್ಷಿಯಾಗುತ್ತದೆ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಅದಕ್ಕೆಂದೇ ಬರುವ ಎಣ್ಣೆ ಬೆರೆಸಿದ ನೀರಿನಲ್ಲಿ ಗೊಂಚಲುಗಳನ್ನು ಅದ್ದಿ, ಶೆಡ್ಡಿನ ಬಲೆಗಳ ಮೇಲೆ ನೆರಳಿನಲ್ಲಿ ಹರಡುತ್ತಾರೆ. ಸಿಪ್ಪೆಯ ಮೇಣ ಸಡಿಲಾಗಿ, ಸುಮಾರು 15 ದಿನಗಳಲ್ಲಿ ಹಣ್ಣು ಒಣಗುತ್ತದೆ. 4 ಕಿಲೋ ಹಣ್ಣಿಗೆ ಸುಮಾರು 1 ಕಿಲೋ ಒಣದ್ರಾಕ್ಷಿ. ಈ ನಡುವೆ ಅಕಾಲ ಮಳೆ ಬಂದರೆ ಹಣ್ಣು ಕಪ್ಪಾಗಿ, ವರ್ಷದ ದುಡಿಮೆಯ ಬೆಲೆಯೇ ಇಳಿಯುತ್ತದೆ.

ನಾವಿದ್ದ ಸಂಜೆ ಮೋಡ ಕವಿಯಿತು. ರೊಟ್ಟಿ, ಶೇಂಗಾ ಹಿಂಡಿ ಬಡಿಸುತ್ತಿದ್ದ ಮನೆಯ ಅಜ್ಜಿಯ ಕಣ್ಣು ಆಕಾಶದಲ್ಲೇ ಇತ್ತು. ಮಗ, ಸೊಸೆ ಶೆಡ್ಡಿಗೆ ತಾಡಪತ್ರಿ ಕಟ್ಟಲು ಓಡಿದರು. ಎಲೆ ಬಿಟ್ಟೆದ್ದು ನಾವೂ ಹಗ್ಗ ಹಿಡಿದೆವು. ಮಳೆ ನಾಲ್ಕು ಹನಿ ಉದುರಿಸಿ ಸರಿದುಹೋಯಿತು.

ಹೊರಡುವಾಗ ಅಜ್ಜಿ ನಮ್ಮ ಕೈತುಂಬ ಒಣದ್ರಾಕ್ಷಿ ಸುರಿದು, “ಹಗ್ಗ ಹಿಡದ ಕೂಲಿ ಇದು, ತಗೋರಿ” ಎಂದರು. ಪಾಯಸದಲ್ಲಿ ಎಣಿಸದೆ ಹಾಕುತ್ತಿದ್ದ ಆ ಕಾಳುಗಳನ್ನು ನಾವು ಅಂದು ಒಂದೊಂದಾಗಿ ತಿಂದೆವು.