ಕೊಂಡುಕುರಿಯ ಕಾಡಿನಲ್ಲಿ

ದಾವಣಗೆರೆ ಜಿಲ್ಲೆಯಲ್ಲಿ ಹಸಿರು ನೋಡಬೇಕೆನ್ನುವವರು ಸಾಮಾನ್ಯವಾಗಿ ಪಡುವಣಕ್ಕೆ ಮುಖ ಮಾಡುತ್ತಾರೆ. ಚನ್ನಗಿರಿಯಲ್ಲಿ ಶಾಂತಿಸಾಗರವೆಂದೂ ಹೆಸರಾದ ಸೂಳೆಕೆರೆಯಿದೆ, ಅಡಿಕೆ ತೋಟಗಳಿವೆ. ಹೊನ್ನಾಳಿಯ ಮಗ್ಗುಲಲ್ಲೇ ತುಂಗಭದ್ರೆ ಹರಿಯುತ್ತಾಳೆ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿಯ ಕಡೆ ಹೋದಂತೆ ಮಲೆನಾಡಿನ ಗಾಳಿ ಸೋಕುತ್ತದೆ. ಮೂಡಣದ ಜಗಳೂರು ಎಂದರೆ ಮಾತ್ರ ಜನರ ಬಾಯಲ್ಲಿ ಬರುವುದು ಒಂದೇ ಮಾತು: ಬರ.

ಆ ಜಗಳೂರು ತಾಲ್ಲೂಕಿನಲ್ಲೇ ರಂಗಯ್ಯನದುರ್ಗದ ಕಾಡಿದೆ. ಸುಮಾರು 77 ಚದರ ಕಿಲೋಮೀಟರ್ ವಿಸ್ತಾರದ ಈ ಕುರುಚಲು ಕಾಡು 2011ರಲ್ಲಿ ಕೊಂಡುಕುರಿ ವನ್ಯಜೀವಿಧಾಮವಾಯಿತು. ಅರಣ್ಯ ಇಲಾಖೆಯ ಅನುಮತಿ ಪಡೆದು ಬೇಸಿಗೆಯಲ್ಲಿ ಇಲ್ಲಿ ಕಾಲಿಟ್ಟವರಿಗೆ ಮೊದಲು ನಿರಾಸೆಯೇ. ಎಲೆಯುದುರಿದ ಮರಗಳು, ಮುಳ್ಳುಪೊದೆ, ಕಾದ ಕಲ್ಲು. ಎಲ್ಲವೂ ಸತ್ತಂತೆ ಕಾಣುತ್ತದೆ.

ಹತ್ತಿರ ಹೋಗಿ ನೋಡಿದರೆ ಬೋಳು ರೆಂಬೆಯ ತುದಿಯಲ್ಲಿ ಬಿಗಿಯಾಗಿ ಮುಚ್ಚಿದ ಮೊಗ್ಗುಗಳಿವೆ. ಮರದ ನೀರು ಹೆಚ್ಚಾಗಿ ಆವಿಯಾಗುವುದು ಎಲೆಗಳ ಮೂಲಕ. ನೆಲದ ತೇವ ಕಡಿಮೆಯಾದಾಗ ಮರ ಎಲೆಯನ್ನು ಬಿಟ್ಟುಕೊಟ್ಟು ಜೀವ ಉಳಿಸಿಕೊಳ್ಳುತ್ತದೆ. ಮುತ್ತುಗವಂತೂ ಎಲೆಯಿಲ್ಲದ ಕೊಂಬೆಯಲ್ಲೇ ಕೆಂಡದಂಥ ಹೂ ಬಿಡುತ್ತದೆ.

ಕೊಂಡುಕುರಿ ಹೆಸರಿಗಷ್ಟೇ ಕುರಿ. ನಿಜದಲ್ಲಿ ಹುಲ್ಲೆಯ ಜಾತಿ. ಎತ್ತರ ಎರಡು ಅಡಿ, ತೂಕ 20 ಕಿಲೋದ ಆಸುಪಾಸು. ಗಂಡಿಗೆ ಮಾತ್ರ ಕೊಂಬು, ಅದೂ ನಾಲ್ಕು: ಕಿವಿಗಳ ನಡುವೆ ಒಂದು ಜೊತೆ, ಹಣೆಯ ಮೇಲೆ ಮೊಟಕಾದ ಇನ್ನೊಂದು ಜೊತೆ. ಭಾರತ, ನೇಪಾಳ ಬಿಟ್ಟರೆ ಬೇರಾವ ದೇಶದ ಕಾಡಿನಲ್ಲೂ ಇದಿಲ್ಲ. ಮಂದೆ ಕಟ್ಟದ, ಬಲು ಸಂಕೋಚದ ಪ್ರಾಣಿ. ದಿನವಿಡೀ ನಡೆದರೂ ಕಣ್ಣಿಗೆ ಬೀಳದಿರಬಹುದು.

ಪ್ರಾಣಿ ಕಾಣದಿದ್ದರೂ ಅದರ ಹಿಕ್ಕೆ ಕಂಡೀತು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುವುದು ಇದರ ರೂಢಿ. ಒಣಗಿದ ಗುಡ್ಡೆಯ ಮೇಲೆ ಹೊಸ ಹಿಕ್ಕೆ ಇದ್ದರೆ ಎರಡು ಸಂಗತಿ ತಿಳಿದಂತಾಯಿತು. ಕೊಂಡುಕುರಿ ಇಲ್ಲೇ ಇದೆ. ಅದು ನೀರು ಬಿಟ್ಟು ದೂರ ಇರಲಾರದ ಪ್ರಾಣಿಯಾದ್ದರಿಂದ ಹತ್ತಿರದಲ್ಲೆಲ್ಲೋ ನೀರೂ ಇದೆ. ಬರದ ಸೀಮೆಯಲ್ಲಿ ಇದು ಸಣ್ಣ ಸಮಾಧಾನವೇನಲ್ಲ.

ಆದರೆ ಈ ಸಮಾಧಾನ ತಾನಾಗಿ ಉಳಿಯುವಂಥದ್ದೂ ಅಲ್ಲ. ಬೇಸಿಗೆಯ ಒಂದು ಬೆಂಕಿ ಸಾಕು, ಅಡಗಲು ಪೊದೆಯ ಮರೆ ಇಲ್ಲವಾಗುತ್ತದೆ. ಒಂದು ಹೊಂಡ ಬತ್ತಿದರೆ ಪ್ರಾಣಿ ನೀರು ಹುಡುಕುತ್ತ ಹೊಲಗಳತ್ತ ಹೊರಟು ನಾಯಿಗಳ ಬಾಯಿಗೆ ಸಿಕ್ಕೀತು. ಕುರುಚಲು ಕಾಡೆಂದರೆ ಪಾಳು ನೆಲವೆಂದು ಎಣಿಸುವವರು ಇದನ್ನು ಯೋಚಿಸಬೇಕು.

ಮೊದಲ ಹದಮಳೆ ಬಿದ್ದ ಮರುದಿನ ಇಂಥ ನೆಲದಿಂದ ಮಖಮಲ್ಲಿನಂಥ ಕೆಂಪು ಹುಳುಗಳು ಮೇಲೆದ್ದು ಬರುತ್ತವೆ. ಎಂಟು ಕಾಲಿನ ಇವು ಜೇಡದ ದೂರದ ನೆಂಟರು. ವರ್ಷದ ಬಹುಪಾಲು ಮಣ್ಣಿನೊಳಗೇ ಕಾದಿರುತ್ತವೆ. ಇವು ಹೊರಬರುವ ಹೊತ್ತಿಗೇ, ಹೋದ ವರ್ಷ ಬೆಳೆ ಕೈಕೊಟ್ಟಿದ್ದರೂ, ಜಗಳೂರಿನ ರೈತ ಮತ್ತೆ ಬಿತ್ತನೆಯ ಚೀಲ ಬಿಚ್ಚುತ್ತಾನೆ.