ಹಿಮದ ಹಾದಿಯಲ್ಲಿ ಕಲಿತ ಪಾಠ

ವೇಗವಾಗಿ ಹೋಗುವವರೂ ನಿಧಾನವಾಗಿ ಹೋಗುವವರೂ ಒಂದೇ ದಾರಿಯಲ್ಲಿ ಸಂಧಿಸಿದಾಗ ಮನುಷ್ಯನ ಸಂಸ್ಕಾರವು ಬೆಳಕಿಗೆ ಬರುತ್ತದೆ. ಮಠದ ಪಾಠಶಾಲೆಯಲ್ಲಿ ಗುರುಗಳು ವಿನಯದ ವಿಷಯವಾಗಿ ಹೇಳಿದ್ದನ್ನು ನಾವು ಅನೇಕ ವೇದಿಕೆಗಳಲ್ಲಿ ಉಪನ್ಯಾಸವಾಗಿ ಹೇಳಿದ್ದುಂಟು. ಆದರೆ ಅದು ನಮಗೇ ಮನವರಿಕೆಯಾದದ್ದು ಅಮೇರಿಕೆಯ ಹಿಮದ ಕಾಡಿನಲ್ಲಿ.

ಅದು 2019ರ ಫೆಬ್ರವರಿ ತಿಂಗಳು. ಮಿನ್ನೆಸೋಟಾ ರಾಜ್ಯದಲ್ಲಿ ನೆಲೆಸಿರುವ ಮಗಳು-ಅಳಿಯಂದಿರ ಮನೆಗೆ ಹೋಗಿದ್ದೆವು. ಒಂದು ಭಾನುವಾರ ಅಳಿಯಂದಿರು ನಮ್ಮನ್ನೂ ಹನ್ನೆರಡು ವರ್ಷದ ಮೊಮ್ಮಗನನ್ನೂ ಉತ್ತರದ ಕಾಡಿಗೆ ಕರೆದೊಯ್ದರು. ಅಲ್ಲಿ ಹಿಮವನ್ನು ಯಂತ್ರದಿಂದ ಒತ್ತಿ ಸಮಮಾಡಿದ ಅಗಲವಾದ ಹಾದಿಯಿತ್ತು. ಅದರ ಒಂದು ಅಂಚಿನಲ್ಲಿ ಎರಡು ಸಮಾನಾಂತರ ಗೀರುಗಳು. ಕಾಲಿಗೆ ಉದ್ದನೆಯ ಕಿರಿದಾದ ಪಟ್ಟಿಗಳನ್ನು ಕಟ್ಟಿಕೊಂಡು, ಕೈಯಲ್ಲಿ ಕೋಲು ಊರುತ್ತ ಜಾರಿಕೊಂಡು ಹೋಗುವ ಸ್ಕೀ ಪಥಿಕರಿಗಾಗಿ ಅವು. ಉಳಿದ ಭಾಗದಲ್ಲಿ ಸ್ನೋಮೊಬೈಲ್ ಎಂಬ ವಾಹನ ಓಡುತ್ತದೆ. ಮುಂದೆ ಎರಡು ಜಾರುಪಟ್ಟಿ, ಕೆಳಗೆ ಸುತ್ತುವ ರಬ್ಬರಿನ ಪಟ್ಟಿ. ಕೂಡುವುದು ಮಾತ್ರ ಮೋಟಾರು ಸೈಕಲ್ಲಿನಂತೆ.

ಮೊಮ್ಮಗ ಸ್ಕೀ ಕಟ್ಟಿಕೊಂಡು ಮುಂದೆ ಹೊರಟನು. ನಾವು ದಪ್ಪ ಬೂಟು ಧರಿಸಿ ಅವನ ಹಿಂದೆ ನಡೆದೆವು. ಅಷ್ಟರಲ್ಲಿ ಒಂದು ತಿರುವಿನಲ್ಲಿ ಸ್ನೋಮೊಬೈಲೊಂದು ವೇಗ ತಗ್ಗಿಸದೆ ನುಗ್ಗಿ, ಹಿಮವನ್ನು ಎರಚಿ ಹೋಯಿತು. ಬೆದರಿದ ಹುಡುಗ ಪಕ್ಕದ ಮೃದು ಹಿಮದಲ್ಲಿ ಸೊಂಟದವರೆಗೆ ಹೂತುಹೋದನು. ಪೆಟ್ಟಾಗಲಿಲ್ಲವಾದರೂ ನಮ್ಮ ಸಿಟ್ಟು ನೆತ್ತಿಗೇರಿತು. “ಈ ಪ್ರಶಾಂತ ವನದಲ್ಲಿ ಇಂಥ ರಾಕ್ಷಸ ಯಂತ್ರವೇಕೆ? ಇವನ್ನು ನಿಷೇಧಿಸಬೇಕು” ಎಂದೆವು.

ಅಳಿಯಂದಿರು ನಿಧಾನವಾಗಿ ಹೇಳಿದರು: “ಮಾವನವರೇ, ಇದರ ಹಿಂದೆ ಒಬ್ಬ ತಂದೆಯ ದುಃಖವಿದೆ. ಕೆನಡಾದ ಕ್ವಿಬೆಕ್ ಪ್ರಾಂತದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್ ಎಂಬುವರ ಎರಡು ವರ್ಷದ ಮಗು 1934ರ ಚಳಿಗಾಲದಲ್ಲಿ ಕಾಯಿಲೆ ಬಿದ್ದಿತು. ರಸ್ತೆಗಳು ಹಿಮದಿಂದ ಮುಚ್ಚಿದ್ದವು. ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಆಗಲೇ ಹಿಮವಾಹನದ ಪ್ರಯೋಗದಲ್ಲಿದ್ದ ಅವರು ಪಟ್ಟುಬಿಡದೆ ದುಡಿದು 1937ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. 1959ರಲ್ಲಿ ಸ್ಕೀ-ಡೂ ಎಂಬ ಚಿಕ್ಕ ವಾಹನವನ್ನು ಮಾರುಕಟ್ಟೆಗೆ ತಂದರು.” ನಾವು ಮೌನವಾದೆವು.

ಸ್ವಲ್ಪ ಹೊತ್ತಿಗೆ ಮತ್ತೆ ಸದ್ದು ಕೇಳಿತು. ಈ ಬಾರಿ ನಾಲ್ಕು ವಾಹನಗಳು ಬಂದವು. ಮುಂದಿನವನು ದೂರದಿಂದಲೇ ವೇಗ ಇಳಿಸಿ ಮೂರು ಬೆರಳು ಎತ್ತಿ ತೋರಿಸಿದನು. “ಮುತ್ಯಾ, ಹಿಂದೆ ಇನ್ನೂ ಮೂರು ಬರ್ತಾವ ಅಂತ ಅರ್ಥ” ಎಂದು ಮೊಮ್ಮಗ ವಿವರಿಸಿದನು. ಎಲ್ಲರೂ ಸ್ಕೀ ಗೀರುಗಳನ್ನು ತುಳಿಯದಂತೆ, ಹಿಮ ಎರಚದಂತೆ, ನಡಿಗೆಯ ವೇಗದಲ್ಲಿ ದಾಟಿದರು. ಕೊನೆಯವನು ಮುಷ್ಟಿ ತೋರಿಸಿದನು: ಹಿಂದೆ ಯಾರೂ ಇಲ್ಲ, ನಿಶ್ಚಿಂತೆಯಿಂದ ಹೋಗಿರಿ ಎಂದು. ನಮ್ಮ ಕೈಗಳು ತಾವಾಗಿಯೇ ಜೋಡಿಸಿಕೊಂಡವು.

ಬಳಿಕ ಸ್ಕೀ ಮೇಲೆ ಬಂದ ವೃದ್ಧರೊಬ್ಬರು ನಮ್ಮೆದುರು ನಿಂತು, ನಗುತ್ತ ನಮ್ಮ ಕಾಲಿನತ್ತ ಬೆರಳು ತೋರಿ ಏನೋ ಹೇಳಿದರು. ಅಳಿಯಂದಿರು ಸಂಕೋಚದಿಂದ ಅನುವಾದಿಸಿದರು. ನಾವು ಅಷ್ಟು ದೂರವೂ ಸ್ಕೀ ಗೀರುಗಳ ಮೇಲೆಯೇ ನಡೆದುಬಂದಿದ್ದೆವು! ಬೂಟಿನ ಗುಳಿಗಳು ಹೆಪ್ಪುಗಟ್ಟಿದರೆ ಹಿಂದೆ ಬರುವವರ ಸ್ಕೀ ಅದರಲ್ಲಿ ಸಿಕ್ಕಿ ಅವರು ಬೀಳಬಹುದಂತೆ. ಹಿಂತಿರುಗಿ ನೋಡಿದೆವು. ಕಣ್ಣಿಗೆ ಕಾಣುವಷ್ಟು ದೂರವೂ ನಮ್ಮ ಹೆಜ್ಜೆಗಳೇ ಇದ್ದವು. ಪರರ ಒಂದು ತಪ್ಪಿಗೆ ನಿಷೇಧದ ಶಿಕ್ಷೆ ವಿಧಿಸಹೊರಟ ನಮ್ಮ ಪಾಂಡಿತ್ಯಕ್ಕೆ ನಮ್ಮ ಕಾಲಡಿಯ ತಪ್ಪು ಕಾಣಲಿಲ್ಲವಲ್ಲ ಎಂದು ನಾಚಿಕೆಯಾಯಿತು. ನಾವು ತಲೆಬಾಗಿ ಕ್ಷಮೆ ಕೇಳಿದೆವು.

ಹೊರದೇಶದಲ್ಲಿ ಮಕ್ಕಳಿರುವ ಓದುಗ ಬಂಧುಗಳು ಇಷ್ಟನ್ನು ನೆನಪಿಡಬೇಕು. ವಾಹನದವರು ತಿರುವಿನಲ್ಲಿ ನಿಧಾನಿಸಬೇಕು. ಸ್ಕೀಯವರು ಸಾಲಾಗಿ ಬಲಬದಿಯಲ್ಲಿ ಸಾಗಬೇಕು. ಕಿವಿಗೆ ಸಂಗೀತ ತುರುಕಿಕೊಳ್ಳಬಾರದು. ನಿಲ್ಲುವುದಾದರೆ ಹಾದಿಯ ಪಕ್ಕಕ್ಕೆ ಸರಿಯಬೇಕು. ನಡೆಯುವವರು ಗೀರುಗಳನ್ನು ಬಿಟ್ಟು ನಡೆಯಬೇಕು.

ಮರಳುವಾಗ ಮೊಮ್ಮಗ ಗೀರುಗಳಲ್ಲಿ ಜಾರುತ್ತ ಹೋದನು. ನಾವು ಎಚ್ಚರದಿಂದ ಹಾದಿಯ ಇನ್ನೊಂದು ಅಂಚಿನಲ್ಲಿ ಹೆಜ್ಜೆಯಿಡುತ್ತ ಅವನನ್ನು ಹಿಂಬಾಲಿಸಿದೆವು.