ಐದು ಡಾಲರಿನ ಹಾಡುಗಾರ

ಕಳೆದ ಶ್ರಾವಣದಲ್ಲಿ ನಮ್ಮ ತಮ್ಮನ ಮೊಮ್ಮಗನು ನಮ್ಮಲ್ಲಿಗೆ ಬಂದು ಹದಿನೈದು ದಿನ ಇದ್ದನು. ಇಂಜಿನಿಯರಿಂಗ್ ಓದುವ ಹುಡುಗ, ಗಿಟಾರ್ ಬಾರಿಸುವ ಹವ್ಯಾಸವುಳ್ಳವನು. ಬೆಳಗಿನ ಹೊತ್ತು ನಾವು ಹಸ್ತಪ್ರತಿಯೊಂದನ್ನು ಮುಂದಿಟ್ಟುಕೊಂಡು ಕುಳಿತರೆ ಅವನ ಕೋಣೆಯಿಂದ ತಗಡಿನ ಮೇಲೆ ಕಲ್ಲು ಸುರಿದಂಥ ಸದ್ದು ಬರುತ್ತಿತ್ತು. ಮೂರನೆಯ ದಿನ ನಾವು ತಾಳ್ಮೆಗೆಟ್ಟು, “ಕುಡುಕರ ಈ ಗದ್ದಲ ನಮ್ಮ ಮನೆಯಲ್ಲಿ ಬೇಡ” ಎಂದುಬಿಟ್ಟೆವು. ಹುಡುಗನು ಎದುರಾಡಲಿಲ್ಲ. “ಅಜ್ಜಾ, ಇದನ್ನು ಹಾಡಿದವನು ಕುಡಿಯುವವನಲ್ಲ” ಎಂದಷ್ಟೇ ಹೇಳಿ ಸದ್ದನ್ನು ನಿಲ್ಲಿಸಿದನು. ಆಮೇಲೆ ಇದ್ದ ದಿನಗಳಲ್ಲಿ ಅವನ ಗಿಟಾರ್ ಚೀಲದಿಂದ ಹೊರಬರಲೇ ಇಲ್ಲ.

ಅವನು ಹೋದ ಮೇಲೆ ನೋಡಿದರೆ ಮೇಜಿನ ಮೇಲೆ ಒಂದು ಇಂಗ್ಲಿಷ್ ಪುಸ್ತಕ. ಮರೆತನೋ ಬೇಕೆಂದೇ ಬಿಟ್ಟನೋ ತಿಳಿಯದು. ಬಗಲಲ್ಲಿ ನಿಘಂಟನ್ನಿಟ್ಟುಕೊಂಡು ಓದಿದೆವು. ಆ ಹಾಡುಗಾರನ ಹೆಸರು ಇಯಾನ್ ಮೆಕೈ. ಜನನ ೧೯೬೨, ಅಮೇರಿಕೆಯ ರಾಜಧಾನಿ ವಾಷಿಂಗ್ಟನ್ನಿನಲ್ಲಿ. ತಂದೆ ಪತ್ರಿಕಾಕರ್ತರು. ದೊಡ್ಡ ಧ್ವನಿಮುದ್ರಣ ಕಂಪನಿಗಳ ಹಂಗಿಲ್ಲದೆ ತಮ್ಮ ಹಾಡನ್ನು ತಾವೇ ಮುದ್ರಿಸಿ ಮಾರುವವರ ಸಂಗೀತಕ್ಕೆ ಅಲ್ಲಿ ಇಂಡೀ ರಾಕ್ ಎನ್ನುತ್ತಾರೆ. ಆ ದಾರಿಯನ್ನು ತೆರೆದವರಲ್ಲಿ ಈತನೊಬ್ಬನು.

ಹದಿನೆಂಟರ ಆಸುಪಾಸಿನಲ್ಲಿ ಟೀನ್ ಐಡಲ್ಸ್ ಎಂಬ ತಂಡದಲ್ಲಿದ್ದನು. ೧೯೮೦ರಲ್ಲಿ ತಂಡವು ಕ್ಯಾಲಿಫೋರ್ನಿಯಾಕ್ಕೆ ಹೋದಾಗ ಒಂದು ಪ್ರಸಂಗ ನಡೆಯಿತು. ಅಪ್ರಾಪ್ತ ವಯಸ್ಸಿನವರಿಗೆ ಯಾರೂ ಮದ್ಯ ಕೊಡಬಾರದೆಂದು ಅಲ್ಲಿಯ ಸಭಾಗೃಹದವರು ಈ ಹುಡುಗರ ಕೈಗಳ ಮೇಲೆ ಕಪ್ಪು ಶಾಯಿಯಿಂದ ದೊಡ್ಡ ಗುಣಾಕಾರದ ಚಿಹ್ನೆ ಬರೆದರು. ಕೀಳ್ಗಳೆದು ಗುರುತಿಸಿದ ಗುರುತು ಅದು. ಹುಡುಗರು ಅದನ್ನೇ ಊರಿಗೆ ತಂದು ತಮ್ಮ ಚಿಹ್ನೆಯಾಗಿಸಿಕೊಂಡರು. ತಂಡ ಒಡೆದಾಗ ಉಳಿದಿದ್ದ ಸುಮಾರು ೬೦೦ ಡಾಲರುಗಳನ್ನು ಹಂಚಿಕೊಳ್ಳದೆ ಅದರಿಂದ ಡಿಸ್ಕಾರ್ಡ್ ಎಂಬ ಮುದ್ರಾಸಂಸ್ಥೆಯನ್ನು ಹುಟ್ಟುಹಾಕಿ, ಧ್ವನಿತಟ್ಟೆಯ ಹೊದಿಕೆಗಳನ್ನು ತಾವೇ ಕತ್ತರಿಸಿ, ಮಡಿಚಿ, ಅಂಟುಹಚ್ಚಿದರು. ಕಲಾವಿದರೊಂದಿಗೆ ಕರಾರುಪತ್ರವೆಂಬುದೇ ಅಲ್ಲಿಲ್ಲ. ಮಾತೇ ಕರಾರು.

ಮುಂದೆ ಮೈನರ್ ಥ್ರೆಟ್ ಎಂಬ ತಂಡ. ೧೯೮೧ರಲ್ಲಿ ಅವರು ಹೊರತಂದ ‘ಸ್ಟ್ರೇಟ್ ಎಡ್ಜ್’ ಎಂಬ ಹಾಡಿನ ಅವಧಿ ಬರಿ ೪೬ ಸೆಕೆಂಡು. ತಾನು ಕುಡಿಯುವುದಿಲ್ಲ, ಮಾದಕವಸ್ತುಗಳನ್ನು ಮುಟ್ಟುವುದಿಲ್ಲ ಎಂಬುದೇ ಅದರ ಆಶಯ. ದೇಶದೇಶಗಳ ತರುಣರು ಆ ಹಾಡನ್ನು ವ್ರತವನ್ನಾಗಿ ಹಿಡಿದರು, ಕೈಮೇಲಿನ ಗುರುತನ್ನು ಲಾಂಛನವಾಗಿ ಧರಿಸಿದರು. ಕೆಲವೆಡೆ, ಕುಡಿಯುವವರ ಮೇಲೆ ಕೈಮಾಡುವಷ್ಟು ಉಗ್ರರೂ ಆದರು. ನಾವು ಇಲ್ಲಿ ಪುಸ್ತಕವನ್ನು ಮಡಿಚಿ ಬಹಳ ಹೊತ್ತು ಕುಳಿತೆವು. ಒಬ್ಬನು ತನಗಾಗಿ ಕಂಡುಕೊಂಡ ಮಾತು ಪಂಥವಾಗುವುದನ್ನೂ, ಪಂಥವು ಬಡಿಗೆ ಹಿಡಿಯುವುದನ್ನೂ ಮಠದ ಪಾಠಶಾಲೆಯಲ್ಲಿ ಬೆಳೆದ ನಾವು ಇತಿಹಾಸದಲ್ಲಿ ಎಷ್ಟೋ ಸಲ ಓದಿದ್ದೇವೆ. ಈತನೋ ೧೯೮೩ರಲ್ಲಿ ಅದೇ ಆಶಯದ ಇನ್ನೊಂದು ಹಾಡನ್ನು ಮರುಮುದ್ರಿಸುವಾಗ ನಡುವೆ ಬಾಯಿಮಾತಿನಲ್ಲಿ, ಇದು ಯಾರಿಗೂ ವಿಧಿಸಿದ ನಿಯಮವಲ್ಲವೆಂದು ಸೇರಿಸಿದನು. ತಾನು ಯಾವ ಚಳವಳಿಯನ್ನೂ ಕಟ್ಟಲಿಲ್ಲವೆಂದು ಅಂದಿನಿಂದ ಹೇಳುತ್ತಲೇ ಬಂದಿದ್ದಾನೆ. ಇಪ್ಪತ್ತೊಂದರ ಹುಡುಗನಿಗೆ ಗುರುಪೀಠವು ತಾನಾಗಿ ಒದಗಿ ಬಂದಿತ್ತು. ಅವನು ಕೂರಲಿಲ್ಲ.

೧೯೮೭ರಲ್ಲಿ ಫುಗಾಜಿ ಎಂಬ ತಂಡದ ಮೊದಲ ಕಛೇರಿ ನಡೆಯಿತು. ಪ್ರವೇಶಕ್ಕೆ ಸಾಮಾನ್ಯವಾಗಿ ೫ ಡಾಲರು. ಎಲ್ಲ ವಯಸ್ಸಿನವರಿಗೂ ಪ್ರವೇಶವಿರಲೇಬೇಕು. ಹೀಗಾಗಿ ಮದ್ಯದಂಗಡಿಯ ವೇದಿಕೆ ಒದಗದೆ ಹೋದಾಗ ಚರ್ಚಿನ ತಳಮನೆ, ಶಾಲೆಯ ಅಂಗಳ ಹುಡುಕುವ ಪಾಡು. ತಂಡದ ಹೆಸರಿನ ಅಂಗಿ, ಟೋಪಿಗಳನ್ನು ಮಾರುವಂತಿಲ್ಲ. ಬೇರೆ ಯಾರೋ ‘ಇದು ಫುಗಾಜಿಯ ಅಂಗಿ ಅಲ್ಲ’ ಎಂದೇ ಅಂಗಿಯ ಮೇಲೆ ಅಚ್ಚುಹಾಕಿ ಮಾರಿದರಂತೆ. ಓದಿ ನಕ್ಕೆವು. ಕೇಳಲು ಬಂದವರಲ್ಲಿ ಯಾರಾದರೂ ಪಕ್ಕದವರನ್ನು ಗುದ್ದಿ ಕುಣಿದರೆ ಮೆಕೈ ಹಾಡನ್ನೇ ನಿಲ್ಲಿಸಿ, ‘ಮಹಾಶಯರೇ’ ಎಂದು ಗೌರವದಿಂದಲೇ ಕರೆದು ತಿಳಿಹೇಳುವನು. ಕೇಳದಿದ್ದರೆ ಲಕೋಟೆಯಲ್ಲಿ ಸಿದ್ಧವಿಟ್ಟ ೫ ಡಾಲರುಗಳನ್ನು ಮರಳಿಸಿ ಹೊರಗೆ ಕಳುಹಿಸುವನು. ಪ್ರವೇಶಧನ ಕಡಿಮೆಯಿದ್ದುದರಿಂದಲೇ ಈ ಬಿಗಿ ಸಾಧ್ಯವಾಯಿತೆಂದು ನಮಗೆ ತೋರುತ್ತದೆ. ಹೆಚ್ಚು ಹಣ ತೆತ್ತವನನ್ನು ಹೊರಹಾಕುವುದು ಕಠಿಣ. (ಪ್ರವಚನಕ್ಕೆ ಕರೆದವರು ಕಳುಹಿಸಿದ ವಾಹನ ಸಣ್ಣದೆಂದು ನಾವು ಒಮ್ಮೆ ಮುನಿದು ಕುಳಿತದ್ದುಂಟು. ಆ ದಿನದ ನಮ್ಮ ಮುಖ ಈ ಪುಟಗಳನ್ನು ಓದುವಾಗ ಕಣ್ಣ ಮುಂದೆ ಬಂತು.)

೧೯೯೩ರಲ್ಲಿ ಅಟ್ಲಾಂಟಿಕ್ ಕಂಪನಿಯ ಸ್ಥಾಪಕರಾದ ಅಹ್ಮೆತ್ ಎರ್ತೆಗುನ್ ತಾವೇ ಬಂದು, ಸ್ವಂತದ್ದೊಂದು ಮುದ್ರಾಸಂಸ್ಥೆ ಹಾಗೂ ಒಂದು ಕೋಟಿ ಡಾಲರಿನ ಮಾತೆತ್ತಿದರೆಂದು ಪ್ರಸಿದ್ಧವಾಗಿದೆ. ತಂಡವು ಒಪ್ಪಲಿಲ್ಲ. ೨೦೦೨ರ ನವೆಂಬರದಲ್ಲಿ ಲಂಡನ್ನಿನ ಕಛೇರಿಯೊಂದಿಗೆ ಫುಗಾಜಿ ಮೌನವಾಯಿತು. ಜಗಳವಲ್ಲ, ಮನೆಮಕ್ಕಳ ಜವಾಬ್ದಾರಿ. ತಂಡದ ಕಛೇರಿಗಳಲ್ಲಿ ಎಂಟುನೂರಕ್ಕೂ ಹೆಚ್ಚಿನವುಗಳ ಧ್ವನಿಮುದ್ರಿಕೆಗಳು ಉಳಿದಿದ್ದು, ೨೦೧೧ರಿಂದ ಅವುಗಳನ್ನು ಒಂದೊಂದಾಗಿ ಹೊರತಂದರು. ಸೂಚಿಸಿದ ಬೆಲೆ ಆಗಲೂ ೫ ಡಾಲರು. ಮೆಕೈ ಪತ್ನಿ ಏಮಿ ಫರೀನಾರೊಂದಿಗೂ ಸಣ್ಣ ತಂಡ ಕಟ್ಟಿ ಹಾಡಿದನು. ೨೦೨೦ರಲ್ಲಿ ಬಂದ ಅವರ ಕೊರಿಕಿ ತಂಡದ ಧ್ವನಿಮುದ್ರಿಕೆಯನ್ನು ಹೊರತಂದುದೂ ಆ ೬೦೦ ಡಾಲರಿನ ಸಂಸ್ಥೆಯೇ.

ಇಷ್ಟನ್ನು ಓದಿದ ಮೇಲೂ ಆ ಸಂಗೀತವು ನಮ್ಮ ಕಿವಿಗೆ ಹಿಡಿಸಿತೆಂದರೆ ಸುಳ್ಳಾದೀತು. ನೆರೆಮನೆಯ ಹುಡುಗಿಯಿಂದ ಮೊಬೈಲಿನಲ್ಲಿ ಹಾಕಿಸಿಕೊಂಡು ಕೇಳಿದೆವು. ಎರಡನೆಯ ಹಾಡಿಗೆ ತಲೆನೋವು ಬಂತು. ಆದರೆ ಸದ್ದಿನ ನಡುವೆ ಫಕ್ಕನೆ ಎಲ್ಲ ವಾದ್ಯಗಳೂ ಒಟ್ಟಿಗೆ ನಿಂತು, ಒಂದು ಉಸಿರಿನಷ್ಟು ನಿಶ್ಶಬ್ದವಾಗಿ, ಮತ್ತೆ ಒಟ್ಟಿಗೆ ಏಳುತ್ತಿದ್ದವು. ಸಾಧನೆಯಿಲ್ಲದೆ ಅದು ಬರುವುದಿಲ್ಲವೆಂಬಷ್ಟು ನಮಗೂ ಗೊತ್ತಾಯಿತು. ಕುಡುಕರ ಕೆಲಸವಲ್ಲ ಅದು.

ಹುಡುಗನಿಗೆ ಪತ್ರ ಬರೆದಿದ್ದೇವೆ. ಪುಸ್ತಕ ನಮ್ಮಲ್ಲಿದೆ, ಯುಗಾದಿಗೆ ಬಂದು ಒಯ್ಯಬೇಕು, ಬರುವಾಗ ಗಿಟಾರನ್ನೂ ತರಬೇಕು ಎಂದು. ಉತ್ತರ ಇನ್ನೂ ಬಂದಿಲ್ಲ.